ಗಂಡು-ಹೆಣ್ಣುಗಳ ಪಾಠವೂ ಲೈಂಗಿಕ ಹಿಂಸೆಯೂ

ಪದವಿ ತರಗತಿಯ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕೆಲಸ ಮಾಡುತ್ತಿರುವ ಭೌತಶಾಸ್ತ್ರದ ಪ್ರಯೋಗಶಾಲೆಯೊಂದನ್ನು ಓದುಗರು ಕಣ್ಮುಂದೆ ತಂದುಕೊಳ್ಳಲಿ. ಮೇಜಿನ ಮೇಲೆ ರೋಹಿತಮಾಪಕವಿದೆ. ಅದರ ದೂರದರ್ಶಕವನ್ನು ತಿರುಗಿಸಿ, ಸೋಡಿಯಂ ದೀಪದ ಹಳದಿ ಗೆರೆಯನ್ನು ಅಡ್ಡತಂತಿಗೆ ಸರಿಯಾಗಿ ತಂದು ನಿಲ್ಲಿಸುತ್ತಿರುವವನು ಹುಡುಗ. ಅವನು ಓದಿ ಹೇಳುವ ಅಂಕಿಗಳನ್ನು ದುಂಡಾದ ಅಕ್ಷರಗಳಲ್ಲಿ ಪುಸ್ತಕಕ್ಕೆ ಇಳಿಸುತ್ತಿರುವವಳು ಹುಡುಗಿ. ಮುಂದಿನ ಮೇಜಿನಲ್ಲಿಯೂ ಹೀಗೆಯೇ, ಅದರ ಮುಂದಿನದರಲ್ಲಿಯೂ ಹೀಗೆಯೇ. ಇಂತಹ ಕೋಣೆಯಲ್ಲಿ ನಾನು ಹಲವು ವರ್ಷ ಪಾಠ ಹೇಳಿದ್ದೇನೆ. ಹೀಗೆ ಕೆಲಸ ಹಂಚಿಕೊಳ್ಳಿರೆಂದು ಯಾರಿಗೂ ಹೇಳಿದವನಲ್ಲ. ಆದರೆ ಕೆಲಸವು ಹೀಗೆ ಹಂಚಿಹೋಗಿದೆ ಎಂಬುದು ನನ್ನ ಕಣ್ಣಿಗೆ ಬೀಳಲು ಮೂರು ವರ್ಷ ಬೇಕಾಯಿತು. ಬರೆವಣಿಗೆಯ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುತ್ತಿದ್ದವರು ಹೆಚ್ಚಾಗಿ ಆ ಹುಡುಗಿಯರೇ ಎಂಬುದನ್ನು ನೆನೆದರೆ, ಉಪಕರಣದಿಂದ ಅವರನ್ನು ದೂರವಿಟ್ಟುದು ಅವರ ಅಶಕ್ತಿಯಲ್ಲವೆಂಬುದು ಸ್ಪಷ್ಟ.

ತಿರುಪು ತಿರುಗಿಸಿದ ಹುಡುಗನು ನಾಳೆ ಯಾರನ್ನೋ ಹಿಂಸಿಸುವನೆಂದು ಇಲ್ಲಿ ಹೇಳಹೊರಟಿಲ್ಲ. ಅಂತಹ ಮಾತು ಅನ್ಯಾಯವೂ ಹೌದು, ಅಶಾಸ್ತ್ರೀಯವೂ ಹೌದು. ಆದರೆ ಯಾರು ಮುಂದಾಗಿ ಮಾಡತಕ್ಕವರು, ಯಾರು ಒಪ್ಪಿಕೊಂಡು ಹೋಗತಕ್ಕವರು ಎಂಬ ಪಾಠವನ್ನು ನಮಗೆ ಯಾರೋ ಎಂದೋ ಕಲಿಸಿಬಿಟ್ಟಿದ್ದಾರೆ. ಒಂದು ಹೆಣ್ಣಿನ ಮೇಲೆ ಲೈಂಗಿಕ ಹಿಂಸೆ ನಡೆದಾಗ ಅದನ್ನು ಹಿಂಸೆಯೆಂದು ಕರೆಯಬೇಕೇ ಬೇಡವೇ, ತಪ್ಪು ಯಾರದು, ತಡೆಯಬೇಕಾದವರು ಯಾರು ಎಂಬ ಪ್ರಶ್ನೆಗಳಿಗೆ ಊರು ಕೊಡುವ ಉತ್ತರವೂ ಅದೇ ಪಾಠದ ಪುಟಗಳಿಂದ ಬರುತ್ತದೆ. ಈ ಸಂಬಂಧವನ್ನು ಊಹೆಗೆ ಬಿಡದೆ ಅಳೆದು ನೋಡಿದ ಪರಿಶೋಧನೆಗಳು ಕಳೆದ ಅರುವತ್ತು ವರ್ಷಗಳಲ್ಲಿ ಸಾಕಷ್ಟು ನಡೆದಿವೆ. ಭೌತಶಾಸ್ತ್ರದವನಿಗೆ ಇದರಲ್ಲೇನು ಕೆಲಸವೆಂದು ಕೇಳುವವರಿಗೆ, ಅಳತೆಯಿರುವಲ್ಲೆಲ್ಲ ಅವನಿಗೆ ಸ್ವಲ್ಪ ಕೆಲಸವಿದ್ದೇ ಇರುತ್ತದೆ ಎಂದಷ್ಟೇ ಉತ್ತರ.

ಹುಟ್ಟಿನಿಂದ ಬಂದ ದೇಹಭೇದ ಬೇರೆ. ಆ ಭೇದದ ಮೇಲೆ ಸಮಾಜವು ಕಟ್ಟಿದ ನಡೆನುಡಿಗಳ ಭೇದ ಬೇರೆ. ಮಗುವು ಈ ಎರಡನೆಯದನ್ನು ಮನೆ, ಓಣಿ, ಶಾಲೆ, ಗುಡಿ, ಸಿನಿಮಾಗಳಿಂದ ಮೈಗೂಡಿಸಿಕೊಳ್ಳುವ ಕ್ರಮಕ್ಕೆ ಸಮಾಜಶಾಸ್ತ್ರಜ್ಞರು ಲಿಂಗಾಧಾರಿತ ಸಾಮಾಜೀಕರಣವೆಂದು ಹೆಸರಿಟ್ಟಿದ್ದಾರೆ. ಹೆಸರು ಭಾರವಾದರೂ ವಿಷಯ ನಮಗೆ ಹೊಸತಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಓದುಗರಿಗಂತೂ ಇದರ ಅತ್ಯಂತ ಸ್ಪಷ್ಟವಾದ ನಿದರ್ಶನವು ತಮ್ಮ ಜಿಲ್ಲೆಯಲ್ಲಿಯೇ ಸಿಗುತ್ತದೆ.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಈ ಭಾಗದ ಭಕ್ತರು ತಲೆಮಾರುಗಳಿಂದ ನಡೆದುಕೊಳ್ಳುತ್ತ ಬಂದಿರುವುದು ಎಲ್ಲರೂ ಬಲ್ಲ ಸಂಗತಿ. ಆ ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯೂ ಇತ್ತು. ಹೀಗೆ ಬಿಡಲ್ಪಟ್ಟವರಲ್ಲಿ ಬಹುಮಂದಿ ದಲಿತ ಕುಟುಂಬಗಳವರು. ಅಮೆರಿಕೆಯ ಮಾನವಶಾಸ್ತ್ರಜ್ಞೆ ಲೂಸಿಂಡಾ ರ‍್ಯಾಂಬರ್ಗ್ ಉತ್ತರ ಕರ್ನಾಟಕದಲ್ಲಿ ಬಹುಕಾಲವಿದ್ದು ಬರೆದು 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಅಂಶವನ್ನು ವಿವರವಾಗಿ ತೋರಿಸಿದ್ದಾರೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವಿಗೆ ಬಿಟ್ಟರೆ ಅವಳು ಆ ಮನೆಯ ಮಗನ ಸ್ಥಾನಕ್ಕೆ ಬರುತ್ತಿದ್ದಳು. ಮದುವೆಯಾಗಿ ಹೊರಗೆ ಹೋಗದೆ ತವರಿನಲ್ಲಿಯೇ ನಿಂತು ತಂದೆತಾಯಿಗಳನ್ನು ಸಾಕುವುದು, ಆಸ್ತಿಯಲ್ಲಿ ಪಾಲು ಪಡೆಯುವುದು, ಅವರ ಅಂತ್ಯಕ್ರಿಯೆಗಳನ್ನು ನಡೆಸುವುದು ಇವೆಲ್ಲ ಅವಳ ಪಾಲಿಗೆ ಬರುತ್ತಿದ್ದುವು. ಇನ್ನೊಂದು ಕಡೆ, ದೇವಿಗೆ ಬಿಡಲ್ಪಟ್ಟ ಗಂಡಸು ಸೀರೆಯುಟ್ಟು ಜೋಗಪ್ಪನಾಗುತ್ತಿದ್ದ. ದೇಹದಲ್ಲಿ ಯಾವ ಬದಲಾವಣೆಯೂ ಆಗದೆ, ಒಂದು ವಿಧಿಯಿಂದ ಮಗಳು ಮಗನಾಗಬಹುದಾದರೆ, ‘ಮಗ’ ಎಂಬುದು ಒಂದು ಹುದ್ದೆ ಎಂದಾಯಿತು. ಪುಸ್ತಕಗಳನ್ನು ಓದದೆಯೇ ನಮ್ಮ ಹಳ್ಳಿಗಳು ಇದನ್ನು ಅರಿತಿದ್ದುವು.

ಆದರೆ ಮಗನ ಹಕ್ಕು ಕೊಟ್ಟ ಆ ವಿಧಿಯೇ ಅವಳ ಕೈಯಿಂದ ಬೇರೊಂದನ್ನು ಕಸಿದುಕೊಂಡಿತು. ಒಲ್ಲೆನೆಂದು ಹೇಳುವ ಅಧಿಕಾರ ಅವಳಿಗೆ ಉಳಿಯಲಿಲ್ಲ. ಏನು, ಏಕೆ ಎಂದು ತಿಳಿಯದ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯು ಮೈನೆರೆದ ಬಳಿಕ ಯಾವನೋ ಅನುಕೂಲಸ್ಥನ ಪಾಲಾಗುತ್ತಿದ್ದಳು. ಅವನಿಗೆ ಹೆಂಡತಿಯ ಹೊಣೆಯಿಲ್ಲ, ಮಕ್ಕಳಿಗೆ ತಂದೆಯ ಹೆಸರಿನ ಹೊಣೆಯಿಲ್ಲ. ಇಂದಿನ ಕಾನೂನಿನ ಕಣ್ಣಿಗೆ ಅದು ಬಾಲಕಿಯ ಮೇಲಿನ ಅತ್ಯಾಚಾರ. ಅಂದಿನ ಊರಿನ ಕಣ್ಣಿಗೆ ಅದು ಪದ್ಧತಿ. ಮಾಡಿದವನು ತಪ್ಪಿತಸ್ಥನೆಂದು ಊರು ತಿಳಿಯಲಿಲ್ಲ, ಬಹುಸಲ ಅವನೂ ತಿಳಿಯಲಿಲ್ಲ. ಹುಡುಗಿಯ ತಾಯಿಯೂ ಅದೇ ದಾರಿಯಲ್ಲಿ ಬಂದವಳಾಗಿದ್ದರೆ ಅವಳಿಗೂ ಬೇರೆ ಮಾತು ತೋಚುತ್ತಿರಲಿಲ್ಲ.

ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ಆ ಪ್ರಾಂತದ ದೇವದಾಸಿ ಸಂರಕ್ಷಣಾ ಕಾಯಿದೆ ಬಂದಿತು. ಕರ್ನಾಟಕದ ನಿಷೇಧ ಕಾಯಿದೆಯು 1982ರದು. ಆದರೂ 1993-94 ಮತ್ತು 2007-08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದುವು. 2025ರಲ್ಲಿ ರಾಜ್ಯದ ವಿಧಾನಮಂಡಲವು ಪುನರ್ವಸತಿಯನ್ನೂ ಮಕ್ಕಳ ಹಕ್ಕುಗಳನ್ನೂ ಒಳಗೊಂಡ ಹೊಸ ಮಸೂದೆಯೊಂದನ್ನು ಅಂಗೀಕರಿಸಬೇಕಾಯಿತು. ಮೊದಲ ಕಾಯಿದೆಗೂ ಇದಕ್ಕೂ ನಡುವೆ ತೊಂಬತ್ತು ವರ್ಷಗಳು ಕಳೆದುವು.

ಕಾಯಿದೆ ಬಂದರೂ ನಡವಳಿಕೆ ಏಕೆ ಉಳಿಯುತ್ತದೆ? ಉಕ್ಕಿನ ಸರಳೊಂದನ್ನು ತಂತಿಯ ಸುರುಳಿಯೊಳಗಿಟ್ಟು ವಿದ್ಯುತ್ಪ್ರವಾಹ ಹರಿಸಿದರೆ ಅದು ಕಾಂತವಾಗುತ್ತದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಬಲ್ಲರು. ಪ್ರವಾಹವನ್ನು ನಿಲ್ಲಿಸಿದರೆ ಮೆದು ಕಬ್ಬಿಣವು ತನ್ನ ಕಾಂತತ್ವವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ, ಉಕ್ಕು ಹಾಗಲ್ಲ. ಹೊರಗಿನ ಬಲ ಹೋದರೂ ಅದರ ಒಳಗಣ ಕಣಸಮೂಹಗಳು ಒಮ್ಮೆ ಹೊರಳಿದ ದಿಕ್ಕಿನಲ್ಲಿಯೇ ನಿಂತಿರುತ್ತವೆ. ಆ ಉಳಿಕೆಯನ್ನು ತೆಗೆಯಬೇಕಾದರೆ ಹಿಂದುಮುಂದಾಗಿ ಬದಲಾಗುತ್ತ ಕ್ರಮೇಣ ಕುಗ್ಗುವ ಪ್ರವಾಹವನ್ನು ಮತ್ತೆ ಮತ್ತೆ ಹರಿಸಬೇಕು. ಒಂದೇ ಸಲದ ಪೆಟ್ಟಿನಿಂದ ಆಗುವ ಕೆಲಸವಲ್ಲ. ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು, ಏಕೆಂದರೆ ಉಕ್ಕಿಗೆ ಯಾರನ್ನಾದರೂ ಪ್ರಶ್ನಿಸುವ ಶಕ್ತಿಯಿಲ್ಲ, ಮನುಷ್ಯರಿಗೆ ಉಂಟು.

ಹಾಗೆ ಪ್ರಶ್ನಿಸಿದವರು ಗೋಕಾಕ ತಾಲೂಕಿನ ಘಟಪ್ರಭಾದಲ್ಲಿಯೇ ಕಾಣಸಿಗುತ್ತಾರೆ. 1997ರಲ್ಲಿ ಮಾಜಿ ದೇವದಾಸಿಯರು ತಾವೇ ಸೇರಿ ಅಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದರು; ಜನರ ಬಾಯಲ್ಲಿ ಅದು ‘ಮಾಸ್’. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಬಾಲ್ಯದಲ್ಲಿಯೇ ದೇವಿಗೆ ಬಿಡಲ್ಪಟ್ಟವರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಪೋಲೀಸರಿಗಾಗಲಿ ಹೊರಗಿನ ಉಪನ್ಯಾಸಕರಿಗಾಗಲಿ ಹೇಳಿಕೊಳ್ಳದ ಮಾತನ್ನು, ತಾನೂ ಮುತ್ತು ಕಟ್ಟಿಸಿಕೊಂಡ ಹೆಣ್ಣು ಮನೆಬಾಗಿಲಿಗೆ ಬಂದು ಕುಳಿತಾಗ ಇನ್ನೊಬ್ಬ ತಾಯಿ ಆಡುತ್ತಾಳೆ. ನಿಷೇಧದ ಕಾಗದ ಮಾಡಲಾರದ ಕೆಲಸವನ್ನು ಈ ಮಾತುಕತೆ ಮಾಡಿತು ಎಂಬುದು ನನ್ನ ಎಣಿಕೆ.

ಇನ್ನು ಈ ಪಾಠ ಮನೆಯಲ್ಲಿ ಹೇಗೆ ನಡೆಯುತ್ತದೆಂಬುದನ್ನು ನೋಡೋಣ. ಬಿದ್ದು ಮೊಣಕಾಲು ತರಚಿಕೊಂಡ ಹುಡುಗನಿಗೆ “ಗಂಡಸಾಗಿ ಅಳ್ತೀಯೇನೋ?” ಎಂಬ ಮಾತು ಸಿಗುತ್ತದೆ. ಅವನ ತಂಗಿ ಗಟ್ಟಿಯಾಗಿ ನಕ್ಕರೆ “ಹೆಣ್ಣುಮಗಳು, ಸಾವಕಾಶ ನಗು” ಎನ್ನುತ್ತಾರೆ. ಇಬ್ಬರೂ ಶಾಲೆಯಿಂದ ಬಂದ ಮೇಲೆ ಅವಳು ರೊಟ್ಟಿಯ ಹಿಟ್ಟು ನಾದುತ್ತಾಳೆ, ಅವನು ಕ್ರಿಕೆಟ್ಟಿಗೆ ಹೋಗುತ್ತಾನೆ. ಸಂಜೆ ತಡವಾದರೆ ಅವಳಿಗೆ ಪ್ರಶ್ನೆ, ಅವನಿಗೆ ಊಟ. ಒಂದೊಂದೂ ಅಲ್ಪ ಸಂಗತಿ. ದಿನಕ್ಕೆ ಹತ್ತರಂತೆ ಹದಿನೈದು ವರ್ಷ ಕೂಡಿದರೆ ಅರ್ಧ ಲಕ್ಷವನ್ನು ಮೀರುತ್ತದೆ. ಇವೆಲ್ಲವುಗಳ ಸಾರವನ್ನು ನಮ್ಮ ಒಂದು ಗಾದೆ ಹಿಡಿದಿಟ್ಟಿದೆ: ಸೀರೆ ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಸೀರೆಯ ಮೇಲೆ ಬಿದ್ದರೂ ಹರಿಯುವುದು ಸೀರೆಯೇ. ಹೆಣ್ಣುಮಕ್ಕಳನ್ನು ಎಚ್ಚರಿಸಲು ಹೇಳುವ ಮಾತಿದು. ಅದರಲ್ಲಿ ಅನುಭವವಿದೆ, ಅಕ್ಕರೆಯೂ ಇದೆ. ಆದರೆ ಅದು ಗಂಡನ್ನು ಮುಳ್ಳಿಗೆ ಹೋಲಿಸಿ, ಚುಚ್ಚುವುದು ಮುಳ್ಳಿನ ಸ್ವಭಾವವೆಂದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಮುಳ್ಳಿಗೆ ಬುದ್ಧಿ ಹೇಳುವ ಗಾದೆಯೊಂದನ್ನು ನಾನು ಇದುವರೆಗೆ ಕೇಳಿಲ್ಲ.

ಸ್ವಭಾವವೆಂಬ ಈ ಮಾತನ್ನು ಪರೀಕ್ಷಿಸಿದವರಿದ್ದಾರೆ. 1961ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ಆಲ್ಬರ್ಟ್ ಬಂಡೂರ ಮತ್ತು ಅವರ ಸಹೋದ್ಯೋಗಿಗಳು 72 ಮಕ್ಕಳನ್ನು ಆರಿಸಿಕೊಂಡರು. ಗಂಡು ಅರ್ಧ, ಹೆಣ್ಣು ಅರ್ಧ. ಕೆಲವು ಮಕ್ಕಳ ಮುಂದೆ ಹಿರಿಯರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಹೊಡೆದು, ಒದ್ದು, ಬೈದು ತೋರಿಸಿದರು. ಬಳಿಕ ಒಂಟಿಯಾಗಿ ಆಡಲು ಬಿಟ್ಟಾಗ ಆ ಮಕ್ಕಳು ಕಂಡುದನ್ನು ಕಂಡ ಹಾಗೆಯೇ ಅನುಕರಿಸಿದುವು. ಹೊಡೆತದಲ್ಲಿ ಗಂಡುಮಕ್ಕಳು ಮುಂದು. ಹೊಡೆದು ತೋರಿಸಿದವಳು ಹೆಂಗಸಾಗಿದ್ದಲ್ಲಿ, ಹೆಂಗಸರು ಹೀಗೆ ಮಾಡಬಾರದೆಂದು ಮಕ್ಕಳೇ ಆಕ್ಷೇಪಿಸಿದುದೂ ಉಂಟು. ಶಾಲೆಗೆ ಹೋಗುವ ಮೊದಲೇ ಆ ಪಾಠ ಮುಗಿದಿತ್ತೆಂದಾಯಿತು! ಇಷ್ಟಕ್ಕೇ ನಿಂತಿದ್ದರೆ ಹುಡುಗರ ರಕ್ತವೇ ಹಾಗೆ ಎನ್ನಬಹುದಾಗಿತ್ತು. ಆದರೆ 1965ರಲ್ಲಿ ಬಂಡೂರ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಕಂಡುದನ್ನು ಮಾಡಿ ತೋರಿಸಿದರೆ ಬಹುಮಾನವೆಂದು ಹೇಳಿದಾಗ ಹುಡುಗಿಯರೂ ಹೆಚ್ಚುಕಡಿಮೆ ಹುಡುಗರಷ್ಟೇ ಮಾಡಿ ತೋರಿಸಿದರು. ಕಲಿತದ್ದರಲ್ಲಿ ವ್ಯತ್ಯಾಸ ಅಲ್ಪ. ಕಲಿತದ್ದನ್ನು ಹೊರಗೆ ತೋರಿಸಲು ಯಾರಿಗೆ ಅಪ್ಪಣೆಯಿದೆ ಎಂಬುದರಲ್ಲಿ ವ್ಯತ್ಯಾಸ ಬಹಳ.

ಜಗತ್ತಿನ ಎಲ್ಲ ಸಮಾಜಗಳಲ್ಲಿ ಲೈಂಗಿಕ ಹಿಂಸೆ ಒಂದೇ ಪ್ರಮಾಣದಲ್ಲಿದ್ದರೆ ಅದನ್ನು ದೇಹಧರ್ಮವೆನ್ನಬಹುದು. ಮಾನವಶಾಸ್ತ್ರಜ್ಞೆ ಪೆಗ್ಗಿ ಸ್ಯಾಂಡೆ 1981ರಲ್ಲಿ 95 ಬುಡಕಟ್ಟು ಸಮಾಜಗಳ ವರದಿಗಳನ್ನು ಕೂಡಿಸಿ ನೋಡಿದಾಗ, ನೂರಕ್ಕೆ 47ರಲ್ಲಿ ಅತ್ಯಾಚಾರ ಅಪರೂಪ ಅಥವಾ ಇಲ್ಲವೇ ಇಲ್ಲ, ನೂರಕ್ಕೆ 18ರಲ್ಲಿ ಸಾಮಾನ್ಯ ಎಂದು ಕಂಡಿತು. ಗಂಡಸುತನಕ್ಕೆ ಬಡಿದಾಟವೇ ಗುರುತಾಗಿದ್ದು, ಹೆಂಗಸರಿಗೆ ಊರ ವಿಚಾರಗಳಲ್ಲಿ ಮಾತಿಲ್ಲದಿರುವ ಸಮಾಜಗಳು ಎರಡನೆಯ ಗುಂಪಿನಲ್ಲಿ ಹೆಚ್ಚಾಗಿದ್ದುವು. ಹಳೆಯ ವರದಿಗಳನ್ನು ನೆಚ್ಚಿದ ಈ ಎಣಿಕೆಗೆ, ಅದರಲ್ಲಿಯೂ ‘ಇಲ್ಲವೇ ಇಲ್ಲ’ ಎಂಬ ಮಾತಿಗೆ, ಆಮೇಲೆ ಆಕ್ಷೇಪಣೆಗಳು ಬಂದುವು. ಸಮಾಜದಿಂದ ಸಮಾಜಕ್ಕೆ ಹಿಂಸೆಯ ಪ್ರಮಾಣ ಬಹಳವಾಗಿ ಬೇರೆಯಾಗುತ್ತದೆಂಬುದು ಮಾತ್ರ ನಿಂತಿದೆ.

ನಮ್ಮ ನಾಡಿನ ಅಳತೆ ಏನು ಹೇಳುತ್ತದೆ? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2019ರಿಂದ 2021ರ ವರೆಗೆ ನಡೆಯಿತು. ಗಂಡನು ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಅದರಲ್ಲಿ ಏಳು ಸಂದರ್ಭಗಳನ್ನು ಹೇಳಿ ಕೇಳಿದರು: ಹೇಳದೆ ಹೊರಗೆ ಹೋದರೆ, ಮನೆಮಕ್ಕಳನ್ನು ಅಲಕ್ಷಿಸಿದರೆ, ಎದುರು ವಾದಿಸಿದರೆ, ಕೂಟಕ್ಕೆ ಒಲ್ಲೆನೆಂದರೆ, ಅಡಿಗೆ ಕೆಡಿಸಿದರೆ, ನಡತೆಯ ಬಗ್ಗೆ ಸಂಶಯ ಬಂದರೆ, ಅತ್ತೆಮಾವಂದಿರಿಗೆ ಮರ್ಯಾದೆ ಕೊಡದಿದ್ದರೆ. ಇವುಗಳಲ್ಲಿ ಒಂದಕ್ಕಾದರೂ ಸರಿಯೆಂದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 81.9, ಹೆಂಗಸರಲ್ಲಿ ನೂರಕ್ಕೆ 76.9. ಹಿಮಾಚಲ ಪ್ರದೇಶದಲ್ಲಿ ಇವೇ ಅಂಕಿಗಳು 14.2 ಮತ್ತು 14.8. ಒಂದೇ ದೇಶ, ಒಂದೇ ಕಾನೂನು, ಒಂದೇ ಪ್ರಶ್ನೆಪತ್ರಿಕೆ. ಉತ್ತರದಲ್ಲಿ ಮಾತ್ರ ಇಷ್ಟು ಅಂತರ! ಕನ್ನಡಿಗರ ದೇಹವು ಹಿಮಾಚಲದವರ ದೇಹಕ್ಕಿಂತ ಬೇರೆಯೆಂದು ಯಾರೂ ಹೇಳಲಾರರು.

ಆ ಏಳರಲ್ಲಿ ನಾಲ್ಕನೆಯದನ್ನು ಇನ್ನೊಮ್ಮೆ ಓದಬೇಕು. ಒಲ್ಲೆನೆಂಬ ಮಾತೇ ಅಲ್ಲಿ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ, 18 ವರ್ಷ ತುಂಬಿದ ಹೆಂಡತಿಯೊಡನೆ ಗಂಡನು ನಡೆಸುವ ಬಲವಂತದ ಕೂಟವನ್ನು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಇನ್ನು ಹೆಂಗಸರ ಅಂಕಿಯನ್ನು ಕಂಡು ‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂದು ಉದ್ಗರಿಸುವವರು ಸ್ವಲ್ಪ ತಾಳಬೇಕು. ಅಣ್ಣತಂಗಿಯರು ಒಂದೇ ಮನೆಯಲ್ಲಿ ಒಂದೇ ಪಾಠ ಕೇಳಿ ಬೆಳೆದವರು. ಅವರ ಉತ್ತರಗಳು ಕೂಡಿಬಂದರೆ ಅದು ಪಾಠದ ಗುರುತು. ಅಳತೆಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಕರ್ನಾಟಕದಲ್ಲಿ ಗಂಡನಿಂದ ಹಿಂಸೆಯನ್ನುಂಡ ವಿವಾಹಿತೆಯರ ಪ್ರಮಾಣವು ನಾಲ್ಕನೆಯ ಸಮೀಕ್ಷೆಯಲ್ಲಿ ನೂರಕ್ಕೆ 20.6 ಇದ್ದುದು ಐದನೆಯದರಲ್ಲಿ 44.4ಕ್ಕೆ ಏರಿತು. ಹಿಂಸೆಯೇ ಇಮ್ಮಡಿಯಾಯಿತೆಂದು ಇದರಿಂದ ನೇರವಾಗಿ ಹೇಳಲು ಬರುವುದಿಲ್ಲ. ಮೊದಲು ಬಾಯಿಬಿಡದವರು ಈಗ ಬಿಟ್ಟಿರಲೂಬಹುದು. ಮೋಡ ಕವಿದ ರಾತ್ರಿ ಎಣಿಸಿದ ನಕ್ಷತ್ರಗಳ ಸಂಖ್ಯೆಯು ಮೋಡವನ್ನೂ ಅಳೆದಿರುತ್ತದೆ.

ನಮ್ಮ ನುಡಿಯನ್ನೇ ಸ್ವಲ್ಪ ಗಮನಿಸೋಣ. ಮನೆಯಲ್ಲಿ ಕಳವಾದರೆ ಕಳ್ಳ ಕದ್ದನೆನ್ನುತ್ತೇವೆ. ಹುಡುಗಿಯ ಮೇಲೆ ಬಲಾತ್ಕಾರವಾದರೆ ‘ಹುಡುಗಿ ಕೆಟ್ಟಳು’ ಎನ್ನುತ್ತೇವೆ. ವ್ಯಾಕರಣದಲ್ಲಿ ಕರ್ತೃಪದ ಅವಳದು. ಮಾಡಿದವನು ವಾಕ್ಯದಲ್ಲಿಯೇ ಇಲ್ಲ. ಹಳೆಯ ಬರೆಹಗಳಲ್ಲಿ ಇದಕ್ಕೆ ಮಾನಭಂಗವೆಂದೂ ಶೀಲಹರಣವೆಂದೂ ಹೆಸರು. ಹೋದುದು ಅವಳ ಮಾನ, ಅವಳ ಮನೆತನದ ಮಾನ. ಹೀಗೆ ಕಲಿತ ಮನೆಯು ದೂರು ಕೊಡಲು ಹಿಂಜರಿಯುವುದರಲ್ಲಿ ಆಶ್ಚರ್ಯವೇನು?

1980ರಲ್ಲಿ ಮಾರ್ಥಾ ಬರ್ಟ್ ಎಂಬ ಸಂಶೋಧಕಿ ಅಮೆರಿಕೆಯ ಮಿನೆಸೋಟಾ ಸಂಸ್ಥಾನದ 598 ಮಂದಿ ವಯಸ್ಕರನ್ನು ವಿಚಾರಿಸಿ, ಅತ್ಯಾಚಾರದ ಬಗ್ಗೆ ಜನರಲ್ಲಿ ಬೇರೂರಿದ ಮಿಥ್ಯೆಗಳನ್ನು ಅಳೆದರು: ಉಡುಪೇ ಕಾರಣ, ನಿಜವಾಗಿ ಒಲ್ಲದವಳು ತಡೆದೇ ತಡೆಯುತ್ತಾಳೆ, ಮುಂತಾದುವು. ಗಂಡು ಹೀಗೆ, ಹೆಣ್ಣು ಹೀಗೆ ಎಂಬ ಕಟ್ಟಳೆಗಳನ್ನು ಬಿಗಿಯಾಗಿ ನಂಬಿದವರೇ, ಮನುಷ್ಯಸಂಬಂಧಗಳಲ್ಲಿ ಬಲಪ್ರಯೋಗವನ್ನು ಒಪ್ಪಿದವರೇ ಈ ಮಿಥ್ಯೆಗಳನ್ನೂ ಹೆಚ್ಚಾಗಿ ಒಪ್ಪಿದರು. ಮಿಥ್ಯೆಗಳು ಸುಮ್ಮನೆ ತಲೆಯಲ್ಲಿರುವುದಿಲ್ಲ, ತಪ್ಪು ದಿಕ್ಕಿನಲ್ಲಿ ಕಾವಲು ಹಾಕಿಸುತ್ತವೆ. ಕತ್ತಲ ದಾರಿಯ ಅಪರಿಚಿತನಿಗೆ ಹೆದರಿ ಹುಡುಗಿಯನ್ನು ಕಾಲೇಜು ಬಿಡಿಸುವ ಮನೆಗಳು ನಮ್ಮಲ್ಲಿ ಈಗಲೂ ಉಂಟು. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿಗಳಲ್ಲಿ, ದಾಖಲಾದ ಅತ್ಯಾಚಾರ ಪ್ರಕರಣಗಳ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಪರಿಚಿತನೇ: ನೆಂಟ, ನೆರೆಯವ, ಗೆಳೆಯ, ಕೆಲಸ ಕೊಟ್ಟವ.

‘ತಡೆದೇ ತಡೆಯುತ್ತಾಳೆ’ ಎಂಬ ನಂಬಿಕೆಗೆ ಶರೀರವಿಜ್ಞಾನದ ಉತ್ತರವುಂಟು. ಬೇಟೆಗಾರ ಮೃಗದ ಬಾಯಿಗೆ ಸಿಕ್ಕಿ ತಪ್ಪಿಸಿಕೊಳ್ಳಲಾರದ ಅನೇಕ ಪ್ರಾಣಿಗಳು ಮರಗಟ್ಟಿ ಬೀಳುತ್ತವೆ. ಸ್ನಾಯುಗಳು ಸೆಟೆಯುತ್ತವೆ, ದನಿ ಹೊರಡುವುದಿಲ್ಲ; ಇದು ಇಚ್ಛೆಗೆ ಒಳಪಟ್ಟುದಲ್ಲ, ನರಮಂಡಲದ ಪ್ರತಿಕ್ರಿಯೆ. 2017ರಲ್ಲಿ ಸ್ವೀಡನ್ನಿನ ವೈದ್ಯರು ಸ್ಟಾಕ್‌ಹೋಮಿನ ಚಿಕಿತ್ಸಾಲಯವೊಂದಕ್ಕೆ ಅತ್ಯಾಚಾರದ ಬಳಿಕ ಬಂದ 298 ಮಂದಿ ಸ್ತ್ರೀಯರನ್ನು ಕೇಳಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ 70 ಮಂದಿಗೆ ಇಂತಹ ಮರಗಟ್ಟುವಿಕೆ ಗಣನೀಯವಾಗಿ ಆಗಿತ್ತು. ನೂರಕ್ಕೆ 48 ಮಂದಿಗೆ ತೀವ್ರವಾಗಿಯೇ ಆಗಿತ್ತು. ಹಾಗಾದವರಲ್ಲಿ ಆರು ತಿಂಗಳ ತರುವಾಯ ಮನೋವ್ಯಥೆಯೂ ಹೆಚ್ಚು. ಕಿರುಚಲಿಲ್ಲವೇಕೆ, ಓಡಲಿಲ್ಲವೇಕೆ ಎಂದು ಕೇಳುವವರು ಮೂರ್ಛೆ ಹೋದವನನ್ನು ಎದ್ದುನಿಲ್ಲಲಿಲ್ಲವೇಕೆ ಎಂದು ಕೇಳಿದ ಹಾಗಾಗುತ್ತದೆ.

ವಿದ್ಯಾವಂತರಿಗೆ ಈ ಭ್ರಮೆಯಿರದೆಂದು ತಿಳಿಯಬೇಡಿರಿ. 2020ರ ಜೂನಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅತ್ಯಾಚಾರದ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ಕೊಡುತ್ತ, ಘಟನೆಯ ಬಳಿಕ ದಣಿದು ನಿದ್ದೆ ಹೋದೆನೆಂಬ ದೂರುದಾರಳ ಹೇಳಿಕೆಯನ್ನು ಎತ್ತಿಕೊಂಡು, ಅದು ಭಾರತೀಯ ಹೆಣ್ಣಿಗೆ ತಕ್ಕ ನಡತೆಯಲ್ಲವೆಂಬ ಅರ್ಥದ ಮಾತನ್ನು ಬರೆಯಿತು. ವಿರೋಧ ಎದ್ದಿತು, ಮರುತಿಂಗಳೇ ಆ ಮಾತನ್ನು ಆದೇಶದಿಂದ ತೆಗೆಯಲಾಯಿತು. ತೆಗೆದುದು ನ್ಯಾಯಾಲಯಕ್ಕೆ ಗೌರವ ತರುವ ಸಂಗತಿ. ಆದರೆ ನೊಂದ ಹೆಣ್ಣು ಹೇಗೆ ನಡೆದುಕೊಳ್ಳಬೇಕೆಂಬ ಪಾಠವು ಎಷ್ಟು ಎತ್ತರದ ಪೀಠದ ವರೆಗೂ ಮುಟ್ಟಿತ್ತೆಂಬುದಕ್ಕೆ ಇದು ದಾಖಲೆಯಾಗಿ ಉಳಿದಿದೆ.

ಈಗ ನಮ್ಮ ನೆರೆಗೆ ಬರೋಣ. ಬೆಳಗಾವಿಯಿಂದ ಹುಕ್ಕೇರಿ ತಾಲೂಕಿನತ್ತ ಬರುವ ಹೆದ್ದಾರಿಯ ಬಳಿ ಹೊಸ ವಂಟಮುರಿ ಎಂಬ ಗ್ರಾಮವಿದೆ. 2023ರ ಡಿಸೆಂಬರ್ 10ರ ರಾತ್ರಿ ಅಲ್ಲಿನ ಯುವಕನೊಬ್ಬನೂ ಯುವತಿಯೊಬ್ಬಳೂ ಮನೆಬಿಟ್ಟು ಹೋದರು. ಬೆಳಗಾಗುವ ಮುನ್ನ ಯುವತಿಯ ಕಡೆಯವರು ಯುವಕನ ಮನೆಗೆ ನುಗ್ಗಿ, ಅವನ ತಾಯಿಯನ್ನು ಹೊರಗೆಳೆದು, ವಿವಸ್ತ್ರಗೊಳಿಸಿ, ಬೀದಿಯಲ್ಲಿ ನಡೆಸಿ, ಕಂಬಕ್ಕೆ ಕಟ್ಟಿ ಹೊಡೆದರು. ಹೋದವನು ಮಗ, ದಂಡ ತೆತ್ತವಳು ತಾಯಿ. ‘ಮನೆತನದ ಮಾನ’ವನ್ನು ಹೆಣ್ಣಿನ ಮೈಯಲ್ಲಿ ಠೇವಣಿಯಿಟ್ಟ ಲೆಕ್ಕದಲ್ಲಿ ಸೇಡು ತೀರಿಸುವ ಸ್ಥಳವೂ ಅದೇ ಆಗುತ್ತದೆ. ಉಚ್ಚ ನ್ಯಾಯಾಲಯವು ಇದನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಷ್ಟು ಜನ ನೆರೆದಿದ್ದರೂ ತಡೆಯಲು ಹೋದವನು ಒಬ್ಬನೇ, ಅವನಿಗೂ ಪೆಟ್ಟು ಬಿತ್ತು ಎಂಬುದು ಮುಖ್ಯ ನ್ಯಾಯಮೂರ್ತಿಗಳನ್ನು ವಿಶೇಷವಾಗಿ ನೋಯಿಸಿತು. ನೋಡುತ್ತ ನಿಂತವರ ಮೇಲೆ ಸಾಮೂಹಿಕ ಹೊಣೆ ಹೊರಿಸಬೇಕೆಂಬ ಮಾತನ್ನೂ ಅವರು ಆಡಿದರು.

ಗುಂಪು ಸೇರಿದರೆ ಮನುಷ್ಯ ಸ್ವಭಾವತಃ ಹೇಡಿಯಾಗುತ್ತಾನೆಂದು ಬಹುಕಾಲ ನಂಬಲಾಗಿತ್ತು. ಆದರೆ ಆಮ್ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಬೀದಿ ಕ್ಯಾಮರಾಗಳಲ್ಲಿ ಸೆರೆಯಾದ 219 ಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತರಲ್ಲಿ ಒಂಬತ್ತು ಸಲ ದಾರಿಹೋಕರೊಬ್ಬರಾದರೂ ನಡುವೆ ಬಂದಿದ್ದರು. ಹಾಗಾದರೆ ಕೆಲವು ಕಡೆ ಮಾತ್ರ ಏಕೆ ಸುಮ್ಮನಿರುತ್ತಾರೆ? 1976ರಲ್ಲಿ ಶಾಟ್‌ಲ್ಯಾಂಡ್ ಮತ್ತು ಸ್ಟ್ರಾ ಎಂಬ ಮನಶ್ಶಾಸ್ತ್ರಜ್ಞರು ಗಂಡುಹೆಣ್ಣಿನ ಜಗಳವೊಂದನ್ನು ನಟರಿಂದ ಆಡಿಸಿ ಪರೀಕ್ಷಿಸಿದರು. ನಟಿಯು ‘ನೀನು ಯಾರೋ ನನಗೆ ಗೊತ್ತಿಲ್ಲ’ ಎಂದು ಕೂಗಿದಾಗ ನೂರಕ್ಕೆ 65 ಮಂದಿ ತಡೆಯಲು ಬಂದರು. ‘ನಿನ್ನನ್ನು ಏಕಾದರೂ ಮದುವೆಯಾದೆನೋ’ ಎಂದು ಕೂಗಿದಾಗ ಬಂದವರು 19. ಹೊಡೆತ ಅದೇ, ಕಿರುಚಾಟ ಅದೇ. ‘ಮನೆಯ ವಿಚಾರ’ವೆಂಬ ಚೀಟಿ ಅಂಟಿದೊಡನೆ ಮೂರರಲ್ಲಿ ಎರಡು ಪಾಲು ನೆರವು ಕರಗಿತು. ವಂಟಮುರಿಯಲ್ಲಿ ನಿಂತು ನೋಡಿದವರ ಕಾಲುಗಳನ್ನು ಭಯವಷ್ಟೇ ಕಟ್ಟಿಹಾಕಿತ್ತೆಂದು ನನಗೆ ತೋರುವುದಿಲ್ಲ. ಇದು ಎರಡು ಮನೆಗಳ ಮಾನದ ವಿಚಾರ, ನಮಗೇಕೆ ಎಂಬ ಹಳೆಯ ಪಾಠವೂ ಅಲ್ಲಿ ಕೆಲಸ ಮಾಡಿರಬೇಕು.

ಕಲಿತದ್ದನ್ನು ಬೇರೆಯಾಗಿ ಕಲಿಸಲು ಬರುತ್ತದೆಯೇ? ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ಇದನ್ನು ಕ್ರಮವಾಗಿ ಪರೀಕ್ಷಿಸಿದ್ದಾರೆ. ಚೀಟಿಯೆತ್ತಿದ ಹಾಗೆ ಸುಮಾರು ಅರ್ಧದಷ್ಟು ಶಾಲೆಗಳನ್ನು ಆರಿಸಿ, ಏಳನೆಯ ತರಗತಿಯಿಂದ ಮೊದಲ್ಗೊಂಡು ಎರಡೂವರೆ ವರ್ಷ ಕಾಲ, ಮುಕ್ಕಾಲು ಗಂಟೆಯ ಚರ್ಚೆಗಳನ್ನು ನಡೆಸಿದರು. ಉಳಿದ ಶಾಲೆಗಳಲ್ಲಿ ನಡೆಸಲಿಲ್ಲ. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚರ್ಚೆಯಲ್ಲಿ ಪಾಲ್ಗೊಂಡ ಮಕ್ಕಳ ಅಭಿಪ್ರಾಯಗಳು ಸಮಾನತೆಯ ಕಡೆಗೆ ಸರಿದಿದ್ದುವು. ಮನೆಗೆಲಸದಲ್ಲಿ ಕೈಹಾಕುತ್ತೇವೆಂದ ಹುಡುಗರು ಹೆಚ್ಚಿದ್ದರು. ಎರಡು ವರ್ಷಗಳ ಬಳಿಕವೂ ಪರಿಣಾಮ ಉಳಿದಿತ್ತು. ಬದಲಾವಣೆ ಸಾಧಾರಣ ಪ್ರಮಾಣದ್ದು. ಆದರೂ ಹದಿಮೂರರ ಮಕ್ಕಳ ಮನಸ್ಸು ಉಕ್ಕಿಗಿಂತ ಮೆದು ಕಬ್ಬಿಣಕ್ಕೆ ಹತ್ತಿರವೆಂಬುದು ಇದರಿಂದ ತಿಳಿಯುತ್ತದೆ.

ದೊಡ್ಡವರಲ್ಲಿ ಕೆಲಸ ಕಠಿನ. ಮೂಡಲಗಿಯ ಮಗ್ಗುಲಿಗಿರುವ ಬಾಗಲಕೋಟೆ ಜಿಲ್ಲೆಯ 47 ಗ್ರಾಮಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಬಹುಮಟ್ಟಿಗೆ ದೇವದಾಸಿ ಹಿನ್ನೆಲೆಯ ಹೆಂಗಸರು ಮತ್ತು ಅವರ ಜತೆಗಾರರ ನಡುವೆ ಇಂತಹದೇ ಪ್ರಯೋಗವನ್ನು ನಡೆಸಿತು. ಹಿಂಸೆಯನ್ನು ಸರಿಯೆಂದು ಒಪ್ಪುವವರು ಕಡಿಮೆಯಾದರು, ಹೇಳಿಕೊಳ್ಳುವವರು ಹೆಚ್ಚಿದರು. ಆದರೆ ಹಿಂಸೆಯೇ ಕಡಿಮೆಯಾಯಿತೆಂದು ಅಳತೆ ತೋರಿಸಲಿಲ್ಲ. ಸಂಶೋಧಕರು ಇದನ್ನು ಮುಚ್ಚಿಡದೆ ಪ್ರಕಟಿಸಿದರು. ಇಂತಹ ಫಲಿತಾಂಶಗಳೂ ಬೇಕು. ಇಲ್ಲವಾದರೆ ಒಂದು ಮೆರವಣಿಗೆ, ಎರಡು ಭಾಷಣ, ಮೂರು ಫಲಕಗಳಿಂದ ಎಲ್ಲವೂ ಸರಿಹೋಯಿತೆಂದು ನಾವು ಮನೆಗೆ ಹೋಗಿಬಿಡುತ್ತೇವೆ. ಹುಡುಗಿಯರಿಗೆ ಕರಾಟೆ ಕಲಿಸುವುದನ್ನೇ ತಡೆಗಟ್ಟುವಿಕೆಯೆಂದು ಕರೆಯುವ ಪದ್ಧತಿಯೂ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕಲಿಯಲಿ, ಒಳ್ಳೆಯದೇ. ಆದರೆ ಅಲ್ಲಿಯೂ ಪಾಠ ಸೀರೆಗೇ.

ನಮ್ಮ ಪ್ರಯೋಗಶಾಲೆಯಲ್ಲಿ ಈಗ ಅರ್ಧ ಗಂಟೆಗೊಮ್ಮೆ ಆಸನ ಬದಲಾಗುತ್ತದೆ. ಮೊದಲ ವಾರ ಇಬ್ಬರಿಗೂ ಇರುಸುಮುರುಸು. ಹುಡುಗರ ಬರೆವಣಿಗೆಯನ್ನು ಓದುವುದು ಇಂದಿಗೂ ನನಗೆ ಕಷ್ಟವೇ. ಇದರಿಂದ ಲೈಂಗಿಕ ಹಿಂಸೆ ಕಡಿಮೆಯಾಯಿತೇ ಎಂದು ಅಳೆಯುವ ಉಪಕರಣ ನನ್ನಲ್ಲಿಲ್ಲ. ಆದರೆ ಉಪಕರಣ ಒಪ್ಪಿಸದೆ ತಡಮಾಡಿದ ಹುಡುಗನಿಗೆ “ಅಣ್ಣಾ, ಈಗ ನನ್ನ ಪಾಳಿ” ಎಂದು ಒಬ್ಬ ವಿದ್ಯಾರ್ಥಿನಿ ಗಟ್ಟಿಯಾಗಿ ಹೇಳಿದುದನ್ನೂ, ಅವನು ನಗುತ್ತ ಎದ್ದುದನ್ನೂ ಕೇಳಿದ್ದೇನೆ, ಕಂಡಿದ್ದೇನೆ.

ಕೊನೆಗೆ, ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರುವ ಕೆಲವು ಸಂಗತಿಗಳು. ಗೆಳತಿಯೋ ಗೆಳೆಯನೋ ತನ್ನ ಮೇಲೆ ಇಂತಹ ಹಿಂಸೆ ನಡೆಯಿತೆಂದು ಹೇಳಿಕೊಂಡರೆ (ಹುಡುಗರ ಮೇಲೂ ನಡೆಯುತ್ತದೆ, ‘ಗಂಡಸಾಗಿ’ ಎಂಬ ಮಾತಿಗೆ ಹೆದರಿ ಅವರು ಇನ್ನೂ ಹೆಚ್ಚಾಗಿ ಮುಚ್ಚಿಡುತ್ತಾರೆ) ಮೊದಲು ನಂಬಿ ಕೇಳಬೇಕು, ಎಲ್ಲಿಗೆ ಹೋಗಿದ್ದೆ, ಏನು ಉಟ್ಟಿದ್ದೆ ಎಂಬ ಪ್ರಶ್ನೆಗಳು ಬೇಡ. 18 ವರ್ಷದೊಳಗಿನವರ ಮೇಲೆ ನಡೆದ ಅಪರಾಧ ತಿಳಿದರೆ ಅದನ್ನು ಪೋಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯಂತೆ ಎಲ್ಲರ ಕರ್ತವ್ಯ. ಘಟನೆ ಹುಕ್ಕೇರಿಯಲ್ಲಿ ನಡೆದಿದ್ದರೂ ದೂರನ್ನು ಗೋಕಾಕದ ಠಾಣೆಯಲ್ಲಿಯೇ ಕೊಡಬಹುದು. ವ್ಯಾಪ್ತಿ ನಮ್ಮದಲ್ಲವೆಂದು ಠಾಣೆಯು ತಿರಸ್ಕರಿಸುವಂತಿಲ್ಲ. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಪ್ರಥಮ ಚಿಕಿತ್ಸೆಯನ್ನು ಹಣ ಕೇಳದೆ ಕೊಡಬೇಕು. ನೊಂದವರ ಹೆಸರನ್ನು ಪ್ರಕಟಿಸುವುದು ಅಪರಾಧ. ಮೊಬೈಲಿನಲ್ಲಿ ಹಂಚುವುದಕ್ಕೂ ಇದು ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181, ತುರ್ತು ಪೋಲೀಸ್ ನೆರವಿಗೆ 112. ಈ ಮೂರು ಸಂಖ್ಯೆಗಳನ್ನು ಪ್ರಯೋಗದ ಪುಸ್ತಕದ ಹಿಂದಿನ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟುಕೊಳ್ಳಬಹುದು.